ಹಾರ್ನ್‌ಬಿಲ್, ಬಸ್ತರ್, ಭಗೋರಿಯಾ, ಮೇಡಾರಂ, ಕುಂಡೆ ಹಬ್ಬ: ಯಾವುದಕ್ಕೆ ಯಾರು ಹೋಗಬೇಕು?

ನಾಗಾಲ್ಯಾಂಡಿನ ಹಾರ್ನ್‌ಬಿಲ್, ಛತ್ತೀಸ್‌ಗಢದ ಬಸ್ತರ್ ದಸರಾ, ಮಧ್ಯಪ್ರದೇಶದ ಭಗೋರಿಯಾ, ತೆಲಂಗಾಣದ ಮೇಡಾರಂ ಜಾತ್ರೆ, ನಮ್ಮ ಕೊಡಗಿನ ಕುಂಡೆ ಹಬ್ಬ ಇವೆಲ್ಲ ಪ್ರವಾಸದ ಪಟ್ಟಿಗಳಲ್ಲಿ ‘ಬುಡಕಟ್ಟು ಹಬ್ಬಗಳು’ ಎಂಬ ಒಂದೇ ತಲೆಬರಹದ ಕೆಳಗೆ ಸಾಲಾಗಿ ನಿಂತಿರುತ್ತವೆ. ಹೋಗಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಹಾರ್ನ್‌ಬಿಲ್ ಅನ್ನು ಸರ್ಕಾರ ನೋಡುಗರಿಗೆಂದೇ ಕಟ್ಟಿದೆ. ಬಸ್ತರ್ ದಸರಾ, ಮೇಡಾರಂ ಎರಡೂ ದೇವರ ಕಾರ್ಯ. ಪ್ರವಾಸಿ ಬಂದರೂ ಬಾರದಿದ್ದರೂ ನಡೆಯುತ್ತವೆ. ಭಗೋರಿಯಾ ಮೂಲತಃ ಸಂತೆ. ಕುಂಡೆ ಹಬ್ಬದಲ್ಲಂತೂ ನೋಡಲು ಬಂದವನೇ ಬೈಸಿಕೊಳ್ಳಬೇಕು. ಹಬ್ಬ ಯಾರಿಗಾಗಿ ನಡೆಯುತ್ತಿದೆ ಎಂದು ಮೊದಲೇ ತಿಳಿದುಕೊಂಡರೆ ಎಷ್ಟು ದಿನ ಬೇಕು, ಎಲ್ಲಿ ನಿಲ್ಲಬೇಕು, ಕ್ಯಾಮೆರಾ ಎತ್ತಬಹುದೇ, ಮಕ್ಕಳನ್ನು ಕರೆದೊಯ್ಯಬಹುದೇ ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಹಾಗೆ ತಿಳಿಯದೆ ಹೊರಟವರೇ ‘ಇದೇನು ನಾಟಕದ ಹಾಗಿದೆ’ ಎಂದೋ ‘ನಮ್ಮನ್ನು ಯಾರೂ ಮಾತಾಡಿಸಲಿಲ್ಲ’ ಎಂದೋ ಬೇಸರಪಟ್ಟು ಮರಳುತ್ತಾರೆ.

ಹಾರ್ನ್‌ಬಿಲ್: ಮೊದಲ ಸಲದವರಿಗೆ, ಕುಟುಂಬಕ್ಕೆ

2000ನೇ ಇಸವಿಯಲ್ಲಿ ನಾಗಾಲ್ಯಾಂಡ್ ಸರ್ಕಾರ ಶುರುಮಾಡಿದ ಈ ಉತ್ಸವ ಪ್ರತಿವರ್ಷ ಡಿಸೆಂಬರ್ 1ರಿಂದ 10ರವರೆಗೆ, ಕೊಹಿಮಾದಿಂದ ಸುಮಾರು 12 ಕಿ.ಮೀ. ದೂರದ ಕಿಸಾಮಾ ಪಾರಂಪರಿಕ ಗ್ರಾಮದಲ್ಲಿ ನಡೆಯುತ್ತದೆ. ಡಿಸೆಂಬರ್ 1 ಆ ರಾಜ್ಯದ ಸ್ಥಾಪನಾ ದಿನವೂ ಹೌದು. ಒಂದೊಂದು ನಾಗಾ ಸಮುದಾಯಕ್ಕೂ ಅಲ್ಲಿ ಒಂದೊಂದು ಮೊರುಂಗ್ ಇದೆ. ಹಿಂದೆ ಊರಿನ ಯುವಕರು ಒಟ್ಟಿಗೆ ಮಲಗಿ, ಕೆಲಸ ಕಲಿತು, ಕಾವಲು ಕಾಯುತ್ತಿದ್ದ ದೊಡ್ಡ ಮನೆ ಅದು. ಇಲ್ಲಿರುವುದು ಅದರ ಮಾದರಿ. ನಡುವಿನ ಬಯಲಿನಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪ್ರದರ್ಶನ ಇರುತ್ತದೆ.

ಇದು ವೇದಿಕೆಯ ಹಬ್ಬ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ವೇದಿಕೆ ಆಗಿರುವುದೇ ಇದರ ಅನುಕೂಲ. ಆವೊ, ಅಂಗಾಮಿ, ಕೊನ್ಯಾಕ್, ಲೋಥಾ, ಸುಮಿ ಹೀಗೆ ಬೇರೆ ಬೇರೆ ಬೆಟ್ಟಗಳ ಜನರ ಉಡುಗೆ, ಹಾಡು, ಅಡುಗೆ ಎಲ್ಲವನ್ನೂ ಎರಡು ಮೂರು ದಿನದಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಲು ಬೇರೆ ಜಾಗವಿಲ್ಲ. ಫೋಟೊ ತೆಗೆಯಲು ಸಂಕೋಚಪಡಬೇಕಿಲ್ಲ, ಪ್ರಶ್ನೆ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಸಿಗುತ್ತದೆ, ವಯಸ್ಸಾದವರಿಗೆ ಕೂರಲು ಜಾಗವಿದೆ.

ಮೈದಾನಕ್ಕಿಂತ ಮೊರುಂಗ್‌ಗಳಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಪ್ರದರ್ಶನಕ್ಕೆ ಒಂದು ಗಂಟೆ ಮೊದಲೇ ಹೋದರೆ ತಂಡದವರು ಗರಿ ಕಟ್ಟಿಕೊಳ್ಳುವುದು, ಬೆಂಕಿಯ ಸುತ್ತ ಕೂತು ಹಾಡು ಹೊಂದಿಸಿಕೊಳ್ಳುವುದು ಕಾಣಸಿಗುತ್ತದೆ. ಬಂದವರೆಲ್ಲ ಹಳ್ಳಿಗಳಿಂದಲೇ ಬಂದ ರೈತರು, ಶಿಕ್ಷಕರು, ವಿದ್ಯಾರ್ಥಿಗಳು. ಮಾತಿಗೆ ಸಿಗುವುದು ಆ ಹೊತ್ತಿನಲ್ಲಿ. ಉದ್ಘಾಟನೆಯ ದಿನ ಗಣ್ಯರ ಓಡಾಟ, ವಾಹನ ತಡೆ ಜಾಸ್ತಿ. ವಾರಾಂತ್ಯಗಳಲ್ಲಿ ನೂಕುನುಗ್ಗಲು. ನಡುವಿನ ವಾರದ ದಿನಗಳಲ್ಲಿ ಎರಡು ಪೂರ್ಣ ದಿನ ಕಿಸಾಮಾಗೆ, ಒಂದು ದಿನ ಖೊನೊಮಾ ಹಳ್ಳಿಗೆ ಎಂದು ಇಟ್ಟುಕೊಂಡರೆ ಸಾಕು.

ಇಲ್ಲಿ ಕೆಡುವುದು ಹೆಚ್ಚಾಗಿ ವಾಸ್ತವ್ಯ ಮತ್ತು ಓಡಾಟ. ಕೊಹಿಮಾ ಚಿಕ್ಕ ಊರು. ಆಗಸ್ಟ್‌ನಲ್ಲೇ ಕೋಣೆ ಹಿಡಿಯದಿದ್ದರೆ ಆಮೇಲೆ ಸಿಗುವುದು ಎರಡು ಮೂರು ಪಟ್ಟು ಬಾಡಿಗೆಗೆ, ಅದೂ ಕಿಸಾಮಾದಿಂದ ದೂರದಲ್ಲಿ. ಕಿಗ್ವೆಮಾ, ಫೆಸಾಮಾ ಹಳ್ಳಿಗಳ ಹೋಂಸ್ಟೇ ಸಿಕ್ಕರೆ ಅದೇ ಒಳ್ಳೆಯದು, ಏಕೆಂದರೆ ಬೆಟ್ಟದ ಆ ಇಕ್ಕಟ್ಟು ರಸ್ತೆಯಲ್ಲಿ ಸಂಜೆ 12 ಕಿ.ಮೀ.ಗೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಇಲ್ಲಿಂದಾದರೆ ನಡೆದೇ ಹೋಗಬಹುದು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ತಕ್ಷಣ ಚಳಿ ಇಳಿಯುತ್ತದೆ. ಡೇರೆಯಲ್ಲಿ ಮಲಗುವವರು ರಾತ್ರಿಯ ಇಬ್ಬನಿಗೆ ಬಟ್ಟೆ ಒದ್ದೆಯಾಗುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಭಾನುವಾರ ಇನ್ನೊಂದು ತೊಡಕು. ನಾಗಾಲ್ಯಾಂಡಿನ ಬಹುಪಾಲು ಜನ ಕ್ರೈಸ್ತರು. ಅಂದು ಅಂಗಡಿ ಮುಚ್ಚಿರುತ್ತವೆ, ಟ್ಯಾಕ್ಸಿ ಸಿಗುವುದಿಲ್ಲ. ಊರಿಂದ ಊರಿಗೆ ಹೋಗುವ ದಿನ ಭಾನುವಾರ ಬೀಳದಂತೆ ನೋಡಿಕೊಳ್ಳಿ. ಎಟಿಎಂ ಖಾಲಿಯಾಗುವುದು, ನೆಟ್‌ವರ್ಕ್ ಕಟ್ಟಿಕೊಳ್ಳುವುದು ಸಾಮಾನ್ಯ, ಹಾಗಾಗಿ ದಿಮಾಪುರದಲ್ಲೇ ನಗದು ತೆಗೆದುಕೊಳ್ಳಿ.

ಹೊರರಾಜ್ಯದವರು ಇನ್ನರ್ ಲೈನ್ ಪರ್ಮಿಟ್ ಎಂಬ ಪ್ರವೇಶ ಪರವಾನಗಿ ಇಲ್ಲದೆ ನಾಗಾಲ್ಯಾಂಡಿಗೆ ಹೋಗುವಂತಿಲ್ಲ. 2019ರ ಡಿಸೆಂಬರ್‌ನಲ್ಲಿ ಇಡೀ ದಿಮಾಪುರ ಜಿಲ್ಲೆಯನ್ನೂ ಇದರ ವ್ಯಾಪ್ತಿಗೆ ತಂದಿದ್ದರಿಂದ ವಿಮಾನ ಇಳಿದ ತಕ್ಷಣವೇ ಇದು ಬೇಕು. ರಾಜ್ಯ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಫೋಟೊ, ಗುರುತಿನ ಚೀಟಿ, ಉಳಿಯುವ ಜಾಗದ ವಿವರ ಕೊಟ್ಟು ಎರಡು ವಾರ ಮೊದಲೇ ಅರ್ಜಿ ಹಾಕಿ. ಅರ್ಜಿಯಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಇನಿಷಿಯಲ್ ಬಿಟ್ಟುಹೋದದ್ದಕ್ಕೇ ಮರಳಿ ಬರುವ ಅರ್ಜಿಗಳು ದಕ್ಷಿಣದವರದ್ದೇ ಹೆಚ್ಚು. ಎರಡು ಪ್ರತಿ ಮುದ್ರಿಸಿ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಹಸಿವಿನಿಂದ ಇರಬೇಕಿಲ್ಲ, ಆದರೆ ಆಯ್ಕೆ ಕಡಿಮೆ. ಅನ್ನ, ಬೇಳೆ, ಬೇಯಿಸಿದ ಸೊಪ್ಪು, ಖಾರದ ಚಟ್ನಿ ಸಿಗುತ್ತವೆ. ‘ಮಾಂಸ ಹಾಕಬೇಡಿ’ ಎಂದರೆ ತುಂಡು ತೆಗೆದು ಸಾರು ಬಡಿಸುವುದುಂಟು. ಮಾಂಸದ ಸಾರೂ ಬೇಡ, ಒಣಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಅಖುನಿ ಎಂಬ ಹುದುಗಿಸಿದ ಸೋಯಾ ವಾಸನೆಗೆ ಘಾಟು, ಆದರೆ ಅದು ಕಾಳೇ.

ಆವೊಲಿಂಗ್, ವಾಂಗಾಲಾ: ಊರವರ ಹಬ್ಬಕ್ಕೆ ಅತಿಥಿಯಾಗಿ

ಹಾರ್ನ್‌ಬಿಲ್‌ನಲ್ಲಿ ತುಣುಕಾಗಿ ಕಂಡದ್ದನ್ನು ಅದರ ನೆಲದಲ್ಲೇ ನೋಡಬೇಕೆನ್ನುವವರು ಒಂದೊಂದು ಸಮುದಾಯದ ಸ್ವಂತ ಹಬ್ಬಕ್ಕೆ ಹೋಗಬೇಕು. ಅಂಗಾಮಿಗಳ ಸೆಕ್ರೆನ್ಯಿ ಫೆಬ್ರವರಿ ಕೊನೆಗೆ, ಆವೊಗಳ ಮೊಆತ್ಸು ಮೇ ಮೊದಲ ವಾರಕ್ಕೆ, ಲೋಥಾಗಳ ತೊಖು ಎಮೊಂಗ್ ನವೆಂಬರ್ 7ಕ್ಕೆ. ಇವುಗಳಲ್ಲಿ ಪ್ರವಾಸಿಗರ ಬಾಯಲ್ಲಿ ಹೆಚ್ಚು ಕೇಳುವುದು ಮೋನ್ ಜಿಲ್ಲೆಯ ಕೊನ್ಯಾಕ್‌ರ ಆವೊಲಿಂಗ್. ಏಪ್ರಿಲ್ 1ರಿಂದ 6. ಬಿತ್ತನೆ ಮುಗಿಸಿ ಹೊಸ ವರ್ಷವನ್ನು ಬರಮಾಡಿಕೊಳ್ಳುವ ಹಬ್ಬ. ಆರೂ ದಿನ ಒಂದೇ ಥರ ಇರುವುದಿಲ್ಲ. ಮೊದಲೆರಡು ದಿನ ಸಿದ್ಧತೆ, ಮೂರನೆಯ ದಿನ ಪ್ರಾಣಿಗಳನ್ನು ಕಡಿಯುವುದು, ನಾಲ್ಕನೆಯದು ಕುಣಿತ, ಔತಣಗಳ ದೊಡ್ಡ ದಿನ, ಐದನೆಯದು ನೆಂಟರಿಷ್ಟರ ಮನೆ, ಆರನೆಯದು ಊರು ಗುಡಿಸುವ ದಿನ. ರಜೆ ಕಡಿಮೆ ಇದ್ದವರು ಮೂರನೆಯ ದಿನ ಸಂಜೆ ಮೋನ್ ತಲುಪಿ ಐದರ ತನಕ ಇದ್ದರೆ ಸರಿ. ಆರನೆಯ ದಿನಕ್ಕೆ ಟಿಕೆಟ್ ಮಾಡಿಸಿಕೊಂಡು ‘ಹಬ್ಬವೇ ಕಾಣಲಿಲ್ಲ’ ಎನ್ನುವುದು ಬೇಡ.

ಮೋನ್‌ಗೆ ಕೊಹಿಮಾ ಕಡೆಯಿಂದ ಹೋಗುವುದು ದೇಹದಂಡನೆ. ದಿಬ್ರುಗಢ ಅಥವಾ ಜೋರ್ಹಾಟ್‌ಗೆ ವಿಮಾನದಲ್ಲಿ ಬಂದು, ಅಸ್ಸಾಮಿನ ಸೋನಾರಿಯಿಂದ ತಿಜಿತ್ ಗೇಟ್ ಮೂಲಕ ಏರುವುದು ಸುಲಭ. ಹಂಚಿಕೊಂಡು ಹೋಗುವ ಸುಮೋಗಳು ಬೆಳಿಗ್ಗೆಯೇ ಹೊರಡುತ್ತವೆ, ಹಿಂದಿನ ದಿನವೇ ಸೀಟು ಹೇಳಿಟ್ಟುಕೊಳ್ಳಬೇಕು. ಏಪ್ರಿಲ್‌ನಲ್ಲಿ ಮಳೆ ಶುರುವಾಗಿರುತ್ತದೆ. ಕೆಸರಿನಲ್ಲಿ ಗಾಡಿ ಸಿಕ್ಕಿಕೊಂಡು ಅರ್ಧ ದಿನ ಹೋಗಬಹುದು ಎಂದು ಮರಳುವ ವಿಮಾನಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಸ್ಥಳೀಯ ಮಾರ್ಗದರ್ಶಿ ಇಲ್ಲಿ ಅಲಂಕಾರಕ್ಕಲ್ಲ. ಹಳ್ಳಿಗೆ ಹೊಕ್ಕ ಕೂಡಲೇ ಆಂಘ್ ಎಂಬ ಊರ ಒಡೆಯನಿಗೋ ಗ್ರಾಮ ಮಂಡಳಿಗೋ ಹೇಳಿ ಹೋಗುವುದು ಪದ್ಧತಿ, ಆ ಮಾತನ್ನು ಆಡಿಕೊಡುವವರು ಬೇಕು. ಲೋಂಗ್ವಾದಲ್ಲಿ ಆಂಘ್‌ನ ಮನೆ ಭಾರತ–ಮ್ಯಾನ್ಮಾರ್ ಗಡಿಯ ಮೇಲೇ ಕೂತಿದೆ. ಮನೆಯೊಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದು ಸರಿ, ಊರಾಚೆ ಗಡಿಯ ಕಡೆಗೆ ನಡೆಯುವ ಮುನ್ನ ಅಸ್ಸಾಂ ರೈಫಲ್ಸ್‌ನವರನ್ನು ಕೇಳಲೇಬೇಕು.

ಮುಖದ ಮೇಲೆ ಹಚ್ಚೆಯಿರುವ ಹಿರಿಯ ಕೊನ್ಯಾಕರನ್ನು ಕೂರಿಸಿ, ನಿಲ್ಲಿಸಿ, ‘ಎಷ್ಟು ತಲೆ ಕಡಿದಿರಿ’ ಎಂದು ಕೇಳುವ ಪ್ರವಾಸಿಗರು ಪ್ರತಿವರ್ಷ ಬರುತ್ತಾರೆ. ಶತ್ರುಗಳ ತಲೆ ಕಡಿದು ತರುವ ಹಳೆಯ ಪದ್ಧತಿಯನ್ನು ಕಂಡ ಆ ಪೀಳಿಗೆಯಲ್ಲಿ ಉಳಿದಿರುವವರು ಕೆಲವರೇ. ಅವರ ಎದುರು ಕೂತು ಬೇಸಾಯದ ಬಗ್ಗೆ, ಮಣಿಸರಗಳ ಬಗ್ಗೆ, ಅವರ ಯೌವನದ ಮೊರುಂಗ್ ಬಗ್ಗೆ ಕೇಳಿದರೆ ಸಿಗುವ ಮಾತು ಅದಕ್ಕಿಂತ ಸಾವಿರ ಪಾಲು ದೊಡ್ಡದು.

ಪರ್ಮಿಟ್ ಗೋಜು ಬೇಡ ಎನ್ನುವವರಿಗೆ ಮೇಘಾಲಯದ ಗಾರೋ ಜನರ ವಾಂಗಾಲಾ ಇದೆ. ಅಲ್ಲಿಗೆ ಇನ್ನರ್ ಲೈನ್ ಪರ್ಮಿಟ್ ಬೇಡ. ತುರಾ ಪಟ್ಟಣದ ಹತ್ತಿರದ ಅಸನಾಂಗ್‌ನಲ್ಲಿ 1976ರಿಂದ ನಡೆಯುತ್ತಿರುವ ‘ನೂರು ಡೋಲುಗಳ ಹಬ್ಬ’ ನವೆಂಬರ್ ಎರಡನೆಯ ವಾರಕ್ಕೆ ಬರುತ್ತದೆ. ಸುಗ್ಗಿ ಮುಗಿದು, ಸೂರ್ಯದೇವ ಮಿಸಿ ಸಾಲ್ಜೊಂಗ್‌ಗೆ ಕೃತಜ್ಞತೆ ಹೇಳುವ ಕುಣಿತ ಅದು. ಹವೆ ಹಿತವಾಗಿರುತ್ತದೆ, ಜನಸಂದಣಿ ಹಾರ್ನ್‌ಬಿಲ್‌ನಷ್ಟಿಲ್ಲ, ಬಂದವರಲ್ಲಿ ಬಹುಪಾಲು ಗಾರೋಗಳೇ. ಗುವಾಹಟಿಯಿಂದ ರಸ್ತೆಯಲ್ಲಿ ಒಂದು ಹಗಲಿನ ಪ್ರಯಾಣ.

ಬಸ್ತರ್ ದಸರಾ: ಸಮಯ ಕೊಡಬಲ್ಲವರಿಗೆ

ಒಂದೇ ಒಂದಕ್ಕೆ ಹೋಗಲು ಸಾಧ್ಯ, ಏಳು ದಿನ ಕೊಡಬಲ್ಲೆ ಎನ್ನುವವರಿಗೆ ನಮ್ಮ ಸಲಹೆ ಇದೇ. ರಾಮ–ರಾವಣರ ಕಥೆಗೂ ಇದಕ್ಕೂ ಸಂಬಂಧವಿಲ್ಲ; ಇದು ಬಸ್ತರಿನ ಮುಖ್ಯ ಪಟ್ಟಣ ಜಗದಲ್ಪುರದಲ್ಲಿ ನಡೆಯುವ ದಂತೇಶ್ವರಿ ದೇವಿಯ ಹಬ್ಬ. ಅಲ್ಲಿನವರ ಶ್ರಾವಣ ಅಮಾವಾಸ್ಯೆಯಂದು (ನಮ್ಮ ಪಂಚಾಂಗದಲ್ಲಿ ಆಷಾಢದ ಅಮಾವಾಸ್ಯೆ) ತೇರಿನ ಮರಕ್ಕೆ ಪೂಜೆ ಮಾಡುವ ಪಾಟ್ ಜಾತ್ರಾದಿಂದ ಶುರುವಾಗಿ 75 ದಿನ ನಡೆಯುತ್ತದೆ. ಅಧಿಕ ಮಾಸ ನಡುವೆ ಬಿದ್ದದ್ದರಿಂದ 2023ರಲ್ಲಿ ಇದು 107 ದಿನಕ್ಕೆ ಬೆಳೆದಿತ್ತು.

ಇಲ್ಲಿನ ಸೊಗಸು ಕೆಲಸದ ಹಂಚಿಕೆಯಲ್ಲಿದೆ. ತೇರು ಕಟ್ಟುವ ಹಕ್ಕು ನಿರ್ದಿಷ್ಟ ಹಳ್ಳಿಗಳ ಬಡಗಿಗಳದು. ಎಳೆಯುವ ಹಗ್ಗವನ್ನು ಸಿಯಾಡಿ ಬಳ್ಳಿಯ ನಾರಿನಿಂದ ಹೊಸೆಯುವುದು ಬೇರೆ ಊರವರ ಕೆಲಸ. ಹಬ್ಬ ಶುರುಮಾಡಲು ಅಪ್ಪಣೆ ಕೊಡುವವಳು ಮಿರ್ಗಾನ್ ಸಮುದಾಯದ ಒಬ್ಬ ಬಾಲಕಿ. ಕಾಛನ್ ಗಾದಿಯ ದಿನ ಅವಳನ್ನು ಮುಳ್ಳಿನ ಉಯ್ಯಾಲೆಯಲ್ಲಿ ಮಲಗಿಸಿ, ದೇವಿ ಮೈಮೇಲೆ ಬಂದ ಅವಳ ಬಾಯಿಂದ ಅನುಮತಿ ಪಡೆಯುತ್ತಾರೆ. ಹಲ್ಬಾ ಸಮುದಾಯದ ಒಬ್ಬ ವ್ಯಕ್ತಿ ಸಿರಹಾಸಾರ್ ಭವನದ ಗುಂಡಿಯಲ್ಲಿ ಒಂಬತ್ತು ದಿನ ಯೋಗಿಯಾಗಿ ಕೂರುತ್ತಾನೆ. ಯಾರ ಪಾಲು ತಪ್ಪಿದರೂ ಹಬ್ಬ ಮುಂದೆ ಸಾಗುವುದಿಲ್ಲ. ಇದನ್ನು ಅರಿಯದೆ ತೇರೊಂದನ್ನೇ ನೋಡಿದರೆ ಎಲ್ಲ ಊರಿನ ರಥೋತ್ಸವದಂತೆಯೇ ಕಾಣುತ್ತದೆ, ಆದ್ದರಿಂದ ಹೊರಡುವ ಮುಂಚೆ ಯಾವ ವಿಧಿ ಯಾವ ದಿನ, ಯಾರದು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಯಾವ ದಿನಗಳಿಗೆ ಹೋಗಬೇಕು? ದುರ್ಗಾಷ್ಟಮಿಯ ಹಗಲು ಜಗದಲ್ಪುರದಲ್ಲಿರಿ. ಅಂದು ನಡುರಾತ್ರಿ ನಿಶಾ ಜಾತ್ರಾ, ಅದರಲ್ಲಿ ಆಡುಗಳ ಬಲಿ ಇರುತ್ತದೆ. ನೋಡಲಾಗದವರು ಆ ರಾತ್ರಿ ಕೋಣೆಯಲ್ಲೇ ಇರುವುದು ಲೇಸು. ನವಮಿಯ ಸಂಜೆ ಮಾವಲಿ ಪರಘಾವ್: ದಂತೇವಾಡದಿಂದ ಬಂದ ದೇವಿಯ ಪಲ್ಲಕ್ಕಿಯನ್ನು ಊರೇ ಎದುರುಗೊಳ್ಳುತ್ತದೆ. ವಿಜಯದಶಮಿಯಂದು ಭೀತರ್ ರೈನಿ, ಎಂಟು ಗಾಲಿಯ ಎರಡಂತಸ್ತಿನ ದೊಡ್ಡ ತೇರು ಊರೊಳಗೆ ಸುತ್ತುತ್ತದೆ. ಆ ರಾತ್ರಿ ತೇರನ್ನು ಆದಿವಾಸಿಗಳು ‘ಕದ್ದು’ ಊರಾಚೆಯ ಕುಮ್ಹಡಾಕೋಟ್‌ಗೆ ಎಳೆದೊಯ್ಯುತ್ತಾರೆ. ಮರುದಿನ ಬಾಹರ್ ರೈನಿ: ರಾಜಮನೆತನದವರು ಅಲ್ಲಿಗೇ ಹೋಗಿ, ಅವರೊಡನೆ ಕೂತು ಹೊಸ ಅಕ್ಕಿಯ ಊಟ ಉಂಡು, ಒಲಿಸಿ ತೇರನ್ನು ಮರಳಿ ತರಬೇಕು. ಆಮೇಲೆ ಮುರಿಯಾ ದರ್ಬಾರ್, 1876ರಿಂದ ಬಂದಿರುವ ಅಹವಾಲು ಸಭೆ. ಈಗ ಅಲ್ಲಿ ಮಾಂಝಿಗಳು ಅಂದರೆ ಊರ ಮುಖಂಡರು ಸರ್ಕಾರದ ಮುಂದೆ ರಸ್ತೆ, ನೀರು, ಕಾಡಿನ ದೂರುಗಳನ್ನು ಇಡುತ್ತಾರೆ. ಹೆಚ್ಚಿನ ಪ್ರವಾಸಿಗರು ವಿಜಯದಶಮಿ ಮುಗಿದೊಡನೆ ಹೊರಟುಬಿಡುತ್ತಾರೆ. ಹಬ್ಬದ ತಿರುಳಾದ ಬಾಹರ್ ರೈನಿಯೂ ದರ್ಬಾರೂ ಅವರಿಗೆ ತಪ್ಪಿಹೋಗುತ್ತವೆ.

ಹೊತ್ತಿನ ಬಗ್ಗೆ ಹಟ ಬೇಡ. ಸಂಜೆ ಆರಕ್ಕೆ ಎಂದ ತೇರು ರಾತ್ರಿ ಹತ್ತಕ್ಕೆ ಹೊರಡಬಹುದು. ಎಳೆಯುವ ಹಳ್ಳಿಯವರು ಬಂದು ಸೇರುವವರೆಗೆ ಯಾರೂ ಆತುರಪಡುವುದಿಲ್ಲ. ಸಿರಹಾಸಾರ್ ಚೌಕ, ದಂತೇಶ್ವರಿ ಗುಡಿಯ ಮುಂಭಾಗ ಇವುಗಳ ಆಸುಪಾಸು, ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹಿಡಿಯಿರಿ, ಏಕೆಂದರೆ ರಸ್ತೆಗಳನ್ನು ಮುಚ್ಚಿದ ಮೇಲೆ ಆಟೊ ಬರುವುದಿಲ್ಲ. ತೇರಿನ ಹಗ್ಗದ ಪಕ್ಕ ನಿಲ್ಲಬೇಡಿ. ಎಳೆತ ಓರೆಯಾದಾಗ ಜನ ಒಮ್ಮೆಲೇ ಪಕ್ಕಕ್ಕೆ ಸರಿಯುತ್ತಾರೆ, ಬೀಳುವವರು ಬದಿಯಲ್ಲಿದ್ದವರು. ತೇರು ತಿರುಗುವ ಮೂಲೆಗಿಂತ ನೇರ ರಸ್ತೆಯ ಜಗಲಿಗಳು ಸುರಕ್ಷಿತ.

ರಾಯಪುರದಿಂದ ಜಗದಲ್ಪುರ ಸುಮಾರು 300 ಕಿ.ಮೀ., ರಾತ್ರಿ ಬಸ್ಸುಗಳಿವೆ. ವಿಶಾಖಪಟ್ಟಣದಿಂದ ಅರಕು ಕಣಿವೆ ಹಾದು ಬರುವ ರೈಲು ನಿಧಾನ, ಆದರೆ ದಾರಿ ಚೆಂದ. ವಿಧಿಗಳಿಲ್ಲದ ಹಗಲುಗಳಲ್ಲಿ ಚಿತ್ರಕೋಟ್ ಜಲಪಾತ, ಕೊಂಡಗಾಂವ್‌ನ ಧೋಕ್ರಾ ಎಂಬ ಲೋಹದ ಬೊಂಬೆಗಳ ಎರಕದವರ ಕೇರಿ, ಸುತ್ತಲಿನ ವಾರದ ಸಂತೆಗಳನ್ನು ನೋಡಬಹುದು. ಒಳನಾಡಿನ ಹಳ್ಳಿಗಳಿಗೆ ಸ್ಥಳೀಯ ಚಾಲಕ ಬೇಕು, ಕತ್ತಲಾಗುವ ಮುನ್ನ ಮರಳಬೇಕು.

ಮೇಡಾರಂ: ನೋಡಲು ಅಲ್ಲ, ಹರಕೆಗೆ

ತೆಲಂಗಾಣದ ಮುಲುಗು ಜಿಲ್ಲೆಯ ಮೇಡಾರಂನಲ್ಲಿ ಎರಡು ವರ್ಷಕ್ಕೊಮ್ಮೆ ಮಾಘ ಹುಣ್ಣಿಮೆಯ ಹೊತ್ತಿಗೆ ನಾಲ್ಕು ದಿನ ಸಮ್ಮಕ್ಕ–ಸಾರಲಮ್ಮ ಜಾತ್ರೆ. ಕೋಯಾ ಜನರ ಈ ತಾಯಿ–ಮಗಳಿಗೆ ಗುಡಿಯಿಲ್ಲ, ವಿಗ್ರಹವಿಲ್ಲ. ಬಿದಿರು, ಕುಂಕುಮದ ಭರಣಿಯ ರೂಪದಲ್ಲಿ ದೇವಿಯರು ಕಾಡಿನಿಂದ ಗದ್ದೆ ಎಂಬ ಕಟ್ಟೆಗೆ ಬಂದು ಮತ್ತೆ ಕಾಡಿಗೆ ಮರಳುತ್ತಾರೆ. ಮೊದಲ ದಿನ ಕನ್ನೆಪಲ್ಲಿಯಿಂದ ಸಾರಲಮ್ಮ, ಎರಡನೆಯ ಸಂಜೆ ಚಿಲುಕಲಗುಟ್ಟದಿಂದ ಸಮ್ಮಕ್ಕ. ಸಮ್ಮಕ್ಕ ಇಳಿದು ಬರುವಾಗ ಪೊಲೀಸ್ ಅಧಿಕಾರಿ ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸುತ್ತಾರೆ. ಭಕ್ತರು ತಮ್ಮ ತೂಕದಷ್ಟು ಬೆಲ್ಲವನ್ನು ‘ಬಂಗಾರ’ ಎಂದು ಒಪ್ಪಿಸುತ್ತಾರೆ. 2026ರ ಜನವರಿಯಲ್ಲಿ ನಡೆದಿದೆ, ಮುಂದಿನದು 2028ಕ್ಕೆ.

ಬರುವವರ ಸಂಖ್ಯೆಯನ್ನು ಕೋಟಿಯಲ್ಲಿ ಎಣಿಸುತ್ತಾರೆ. ಅಷ್ಟು ಜನರ ನಡುವೆ ಕೋಯಾ ಬದುಕು ಕಾಣುವುದು ತೀರಾ ಕಡಿಮೆ ಎಂಬುದನ್ನು ಒಪ್ಪಿಕೊಂಡು ಹೋಗಬೇಕು. ಹರಕೆಯಿದ್ದವರಿಗೆ, ಮಹಾಜಾತ್ರೆಯ ಹುರುಪು ಬೇಕಾದವರಿಗೆ ಇದಕ್ಕೆ ಸಾಟಿಯಿಲ್ಲ. ಸಂಸ್ಕೃತಿ ತಿಳಿಯಲು ಬಯಸುವವರು ಜಾತ್ರೆಗೆ ಎರಡು ಮೂರು ವಾರ ಮೊದಲು ಹೋಗುವುದು ಮೇಲು. ಸಿದ್ಧತೆಯ ವಿಧಿಗಳು ಶುರುವಾಗಿರುತ್ತವೆ, ಕಟ್ಟೆಯ ಹತ್ತಿರ ನಿಂತು ನೋಡಲು, ಮಾತಾಡಲು ಅವಕಾಶವಿರುತ್ತದೆ.

ಜಾತ್ರೆಯ ದಿನಗಳಲ್ಲೇ ಹೋಗುವುದಾದರೆ ಸ್ವಂತ ಕಾರು ಬಿಟ್ಟು ವಾರಂಗಲ್–ಹನಮಕೊಂಡದಿಂದ ಸಾರಿಗೆ ಸಂಸ್ಥೆಯ ವಿಶೇಷ ಬಸ್ ಹಿಡಿಯಿರಿ. ಖಾಸಗಿ ಗಾಡಿಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಸುಮಾರು ನೂರು ಕಿ.ಮೀ. ದಾರಿ ಅರ್ಧ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಮೂರನೆಯ ದಿನ ಎರಡೂ ದೇವಿಯರು ಕಟ್ಟೆಯ ಮೇಲಿರುವುದರಿಂದ ಒತ್ತಡ ಮಿತಿಮೀರುತ್ತದೆ. ಮಕ್ಕಳು, ವೃದ್ಧರು ಅಂದು ಬೇಡ. ಮಕ್ಕಳ ಕೈಗೆ ಫೋನ್ ನಂಬರ್ ಬರೆದ ಪಟ್ಟಿ ಕಟ್ಟಿ. ಜಂಪನ್ನ ವಾಗು ಎಂಬ ಹೊಳೆಯಲ್ಲಿ ಮಿಂದವರು ಒದ್ದೆ ಬಟ್ಟೆಯಲ್ಲೇ ಸಾಲಿಗೆ ನಿಲ್ಲಬೇಕಾಗುತ್ತದೆ, ಮಾಘದ ಬೆಳಗಿನ ಚಳಿಗೆ ಒಂದು ಒಣಬಟ್ಟೆ ಜತೆಗಿರಲಿ.

ಭಗೋರಿಯಾ: ಸಂತೆ ಇಷ್ಟಪಡುವವರಿಗೆ

ಹೋಳಿಗೆ ಮೊದಲ ಒಂದು ವಾರ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಬಡವಾನಿ, ಧಾರ್ ಭಾಗದ ವಾರದ ಸಂತೆಗಳೇ ಭಗೋರಿಯಾ ಆಗುತ್ತವೆ. ಒಂದೂರಿಗೆ ಒಂದೇ ದಿನ, ಅದು ಆ ಊರಿನ ಮಾಮೂಲಿ ಸಂತೆಯ ದಿನವೇ. ಭಿಲ್, ಭಿಲಾಲಾ ಜನ ಒಂದೇ ಬಣ್ಣದ ಉಡುಗೆಯಲ್ಲಿ ಗುಂಪುಗುಂಪಾಗಿ, ಮಾಂದಲ್ ಎಂಬ ದೊಡ್ಡ ಡೋಲು ಹೊತ್ತು, ಬೆಳ್ಳಿಯಿಟ್ಟು ಬರುತ್ತಾರೆ; ಹೋಳಿಯ ಸಾಮಾನು, ಸಕ್ಕರೆಯ ಹಾರ, ಸೇವು, ಜಿಲೇಬಿ ಕೊಳ್ಳುತ್ತಾರೆ. ಮೂರ್ನಾಲ್ಕು ಊರುಗಳ ದಿನ ನೋಡಿಕೊಂಡು ಝಾಬುವಾ ಅಥವಾ ಅಲಿರಾಜಪುರದಲ್ಲಿ ಉಳಿಯಿರಿ. ವಾಲಪುರದ ಸಂತೆ ಹೆಸರುವಾಸಿ, ಅಷ್ಟೇ ಕ್ಯಾಮೆರಾಗಳೂ ಅಲ್ಲಿರುತ್ತವೆ. ಹೆಸರಿಲ್ಲದ ಸಣ್ಣ ಸಂತೆಯೊಂದನ್ನು ಜತೆಗೆ ಸೇರಿಸಿಕೊಳ್ಳಿ. ಹನ್ನೊಂದರಿಂದ ನಾಲ್ಕರ ತನಕ ಕಳೆ ಏರಿರುತ್ತದೆ, ಸಂಜೆಗೆ ಸೇಂದಿಯ ಅಮಲೂ ಏರುವುದರಿಂದ ಹೊರಟುಬಿಡುವುದು ಜಾಣತನ. ರೈಲಿಗೆ ಝಾಬುವಾ ಕಡೆಗೆ ಮೇಘನಗರ, ಅಲಿರಾಜಪುರಕ್ಕೆ ಗುಜರಾತಿನ ದಾಹೋದ್.

ಇದನ್ನು ‘ಹುಡುಗಿಯನ್ನು ಓಡಿಸಿಕೊಂಡು ಹೋಗುವ ಹಬ್ಬ’, ‘ಪ್ರೇಮಿಗಳ ಸಂತೆ’ ಎಂದು ಬರೆದು ಬರೆದು ಆ ನಂಬಿಕೆಯಲ್ಲೇ ಬರುವ ಗಂಡಸರಿದ್ದಾರೆ. ಭಿಲ್ ಯುವಕರೂ ಸಂಘಟನೆಗಳೂ ಈ ಚಿತ್ರಣವನ್ನು ಕಟುವಾಗಿ ವಿರೋಧಿಸುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದು. ಹಬ್ಬಕ್ಕೆ ಬಂದ ಹುಡುಗಿಯರನ್ನು ಸುತ್ತುವರಿದು ಫೋಟೊ ತೆಗೆಯುವವರ ಜತೆ ಜಗಳಗಳಾಗುವುದು ಇದೇ ಕಾರಣಕ್ಕೆ.

ನಮ್ಮ ನಾಡಿನಲ್ಲೇ

ದಕ್ಷಿಣ ಕೊಡಗಿನ ಗೋಣಿಕೊಪ್ಪ ಸೀಮೆಯ ದೇವರಪುರದಲ್ಲಿ ಮೇ ತಿಂಗಳ ಕೊನೆಯ ಭಾಗದ ಗುರುವಾರ ಕುಂಡೆ ಹಬ್ಬ. ತಮ್ಮನ್ನು ಬೇಟೆಗೆಂದು ಕರೆದೊಯ್ದ ಅಯ್ಯಪ್ಪ ನಡುವೆ ಭದ್ರಕಾಳಿಯ ಜತೆ ಹೋಗಿ ಕೈಬಿಟ್ಟ ಎಂಬ ಸಿಟ್ಟಿಗೆ ಜೇನುಕುರುಬರು, ಬೆಟ್ಟಕುರುಬರು, ಯರವರು ವೇಷ ಹಾಕಿ, ಗಂಡಸರು ಹೆಣ್ಣುಡುಗೆ ಉಟ್ಟು, ದೇವರನ್ನೂ ದಾರಿಹೋಕರನ್ನೂ ಬಾಯಿಗೆ ಬಂದಂತೆ ಬೈಯುತ್ತ ಕಾಸು ಬೇಡುತ್ತಾರೆ. ಹತ್ತು, ಇಪ್ಪತ್ತರ ಚಿಲ್ಲರೆ ನೋಟುಗಳು ಜೇಬಿನಲ್ಲಿರಲಿ. ಬೈಗುಳ ಹಸಿಯಾಗಿರುತ್ತದೆ, ಅದಕ್ಕೆ ಮುಖ ಕೆಂಪಾಗುವವರು, ಪ್ರತಿ ಬೈಯಲು ಹೋಗುವವರು ಬರುವುದು ಬೇಡ. ವರ್ಷವಿಡೀ ತೋಟದ ಲೈನ್‌ಮನೆಗಳಲ್ಲಿ ತಲೆತಗ್ಗಿಸಿ ದುಡಿಯುವವರಿಗೆ ಯಾರನ್ನೂ ಬೈಯುವ ಹಕ್ಕಿರುವ ಒಂದೇ ದಿನ ಅದು. ವೇಷದ ಚಂದಕ್ಕಿಂತ ಈ ಹಕ್ಕನ್ನು ಗಮನಿಸಿ. ಆ ವರ್ಷದ ದಿನಾಂಕವನ್ನು ಊರಿನಲ್ಲೇ ವಿಚಾರಿಸಿಕೊಂಡು ಹೊರಡಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಸುಗ್ಗಿಯ ಹೊತ್ತಿಗೆ ನಡೆಯುವ ರೊಟ್ಟಿ ಹಬ್ಬ ಮನೆಮಂದಿಯ ಹಬ್ಬ. ಕರೆದರೆ ಮಾತ್ರ ಹೋಗುವಂಥದ್ದು. ಟಿಕೆಟ್ ಮಾಡಿಸಿಕೊಂಡು ನುಗ್ಗುವಂಥದ್ದಲ್ಲ. ಅದು ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಗೇಟಿನ ಸಮಯ ಮೀರಿ ವಾಹನ ಬಿಡುವುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರ ಡಮಾಮಿ ಕುಣಿತ ನೋಡಲು ಹೋಂಸ್ಟೇಗಳು ತಂಡ ಕರೆಸುತ್ತವೆ. ಕರೆಸುವ ಮುಂಚೆ ಕಲಾವಿದರ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿ.

ಹಬ್ಬವಿಲ್ಲದ ದಿನದ ಆಯ್ಕೆ

ಹಬ್ಬದ ದಿನ ಎಲ್ಲರಿಗೂ ಕೆಲಸ ಕೈತುಂಬ. ಮಾತು, ಅಡುಗೆ, ನೇಯ್ಗೆ, ಕಾಡಿನ ತಿಳಿವಳಿಕೆ ಇವು ಬೇಕಾದವರು ಹಬ್ಬಕ್ಕೆ ಒಂದು ವಾರ ಮೊದಲೋ ಆಮೇಲೋ ಹಳ್ಳಿಯ ಹೋಂಸ್ಟೇಯಲ್ಲಿ ಮೂರು ರಾತ್ರಿ ಉಳಿಯಿರಿ. ಖರ್ಚೂ ಅರ್ಧ. ಊಟ, ಕೋಣೆ, ಮಾರ್ಗದರ್ಶಿಯ ದಿನಗೂಲಿ ಮೂರನ್ನೂ ಮೊದಲೇ ಬೇರೆ ಬೇರೆಯಾಗಿ ಮಾತಾಡಿಕೊಳ್ಳಿ. ಒಟ್ಟಾಗಿ ಕೊಟ್ಟ ದುಡ್ಡು ಪಟ್ಟಣದ ಮಧ್ಯವರ್ತಿಯಲ್ಲೇ ನಿಂತುಬಿಡುತ್ತದೆ. ಮಕ್ಕಳಿಗೆ ಮಿಠಾಯಿ, ನೋಟು ಹಂಚಬೇಡಿ, ಮುಂದಿನ ಪ್ರವಾಸಿಯ ಹಿಂದೆ ಅವರು ಕೈಯೊಡ್ಡಿ ಓಡುವಂತಾಗುತ್ತದೆ. ಉಳಿದ ಮನೆಗೆ ಚಹಾಪುಡಿ, ಸಕ್ಕರೆ ಒಯ್ದರೆ ಸಾಕು.

ಮದ್ಯ ಕೊಟ್ಟರೆ? ನಾಗಾಗಳ ಝುಥೊ, ಬಸ್ತರಿನ ಸಲ್ಫಿ, ಮಹುವಾ ಎಲ್ಲವೂ ಗೌರವದ ಗುರುತು. ಬೇಡವಾದರೆ ಎರಡೂ ಕೈಯಲ್ಲಿ ತೆಗೆದುಕೊಂಡು, ತುಟಿಗೆ ಮುಟ್ಟಿಸಿ ಹಿಂದಿರುಗಿಸಿ, ‘ಮೈಗೆ ಆಗುವುದಿಲ್ಲ’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕುಡಿಯುವವರಿಗೆ ಒಂದು ಮಾತು: ಸಲ್ಫಿ ಮುಂಜಾನೆ ಸಿಹಿನೀರಿನಂತಿರುತ್ತದೆ, ಬಿಸಿಲೇರಿದಂತೆ ಹುಳಿತು ಬಲಿಯುತ್ತದೆ. ಮಹುವಾ ಭಟ್ಟಿಯಿಳಿಸಿದ್ದು, ಲೋಟದ ಅಳತೆಯಲ್ಲಿ ಕುಡಿಯುವಂಥದ್ದಲ್ಲ.

ಫೋಟೊಗೆ ಮೊದಲು ಕ್ಯಾಮೆರಾ ತೋರಿಸಿ, ಕಣ್ಣಲ್ಲೇ ಕೇಳಿ, ತಲೆ ಅಲ್ಲಾಡಿಸಿದರೆ ಇಳಿಸಿ. ಮೈಮೇಲೆ ದೇವರು ಬಂದವರನ್ನು, ಬಲಿಯನ್ನು, ಮೀಯುವ ಹೆಂಗಸರನ್ನು ತೆಗೆಯಲೇಬೇಡಿ. ಡ್ರೋನ್‌ಗೆ ಗಡಿ ಜಿಲ್ಲೆಗಳಲ್ಲೂ ಜಾತ್ರೆಗಳಲ್ಲೂ ಅನುಮತಿ ಸಿಗುವುದು ದುರ್ಲಭ, ಸಿಕ್ಕಿಬಿದ್ದರೆ ಉಪಕರಣ ಹೋಗುತ್ತದೆ.

ಯಾವ ಲೆಕ್ಕದಲ್ಲೂ ಆಯ್ಕೆಯ ಪಟ್ಟಿಗೆ ಬರಬಾರದ ಜಾಗಗಳೂ ಇವೆ. ಅಂಡಮಾನಿನ ಜಾರವಾ, ಸೆಂಟಿನೆಲಿಗಳನ್ನು ನೋಡಲು, ಮಾತಾಡಿಸಲು, ಫೋಟೊ ತೆಗೆಯಲು ಹೋಗುವುದು 1956ರ ಸಂರಕ್ಷಣಾ ನಿಯಮದಡಿ ಅಪರಾಧ. ಜಾರವಾಗಳ ಕಾಡಿನ ನಡುವೆ ಹಾಯುವ ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ‘ತೋರಿಸಿಕೊಡುತ್ತೇವೆ’ ಎನ್ನುವ ಚಾಲಕನ ಗಾಡಿ ಹತ್ತಬೇಡಿ. ಒಡಿಶಾದ ಬೊಂಡಾ, ಡೊಂಗ್ರಿಯಾ ಕೊಂಧರ ಹಳ್ಳಿಗಳಿಗೂ 2012ರಿಂದ ನಿರ್ಬಂಧಗಳಿವೆ. ಅವರು ತಾವಾಗಿ ಇಳಿದು ಬರುವ ಗುರುವಾರದ ಒಂಕಡೆಲ್ಲಿ ಸಂತೆ, ಬುಧವಾರದ ಚಾಟಿಕೋನಾ ಸಂತೆಗಳಲ್ಲಿ ಕೊಳ್ಳುವವರಾಗಿ ಹೋಗಬಹುದು, ಕ್ಯಾಮೆರಾ ಚೀಲದಲ್ಲೇ ಇರಲಿ.

ಕೊಳ್ಳುವಾಗ ಹಾರ್ನ್‌ಬಿಲ್ ಹಕ್ಕಿಯ ಗರಿ, ಕೊಕ್ಕು, ಕರಡಿ–ಹುಲಿಯ ಹಲ್ಲು, ಉಗುರು ಇರುವ ಯಾವ ಆಭರಣವನ್ನೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರುವವನಷ್ಟೇ ಕೊಳ್ಳುವವನೂ ಅಪರಾಧಿ, ‘ಹಳೆಯದು, ಅಜ್ಜನ ಕಾಲದ್ದು’ ಎಂಬ ಮಾತು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಮಣಿಸರ, ಶಾಲು, ಬೆತ್ತದ ಬುಟ್ಟಿ, ಧೋಕ್ರಾ ಬೊಂಬೆಗಳನ್ನು ಮಾಡಿದವರ ಕೈಯಿಂದಲೇ ಕೊಳ್ಳಿ. ನಾಗಾ ಶಾಲುಗಳಲ್ಲಿ ಕೆಲವನ್ನು ಇಂಥವರೇ ಹೊದೆಯಬೇಕೆಂಬ ಕಟ್ಟಳೆಯಿದೆ, ಅತಿಥಿ ಹೊದೆಯಬಹುದಾದದ್ದು ಯಾವುದೆಂದು ನೇಯ್ದವಳನ್ನೇ ಕೇಳಿ ಆರಿಸಿಕೊಳ್ಳಿ. ದಾವೊ ಎಂಬ ನಾಗಾ ಕತ್ತಿ ಕೊಂಡರೆ ಅದು ಕೈಚೀಲದಲ್ಲಿ ಹೋಗುವುದಿಲ್ಲ. ಬಟ್ಟೆ ಸುತ್ತಿ ಚೆಕ್-ಇನ್ ಸಾಮಾನಿನಲ್ಲಿ ಹಾಕಿ.